ಬೇಸಿಗೆಯಲ್ಲಿ ಎಣಿಸಬೇಕಾದದ್ದು ವಿಮಾನಗಳನ್ನಲ್ಲ, ಸೀಟುಗಳನ್ನು

ಮಾನ್ಯ ಸಂಪಾದಕರೇ,

ಮಾರ್ಚ್ ತಿಂಗಳ ಕೊನೆಯ ವಾರ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ: ವಿಮಾನಗಳ ಬೇಸಿಗೆ ವೇಳಾಪಟ್ಟಿ ಜಾರಿಗೆ ಬಂದಿದೆ, ಪ್ರಾದೇಶಿಕ ವಿಮಾನ ನಿಲ್ದಾಣದಿಂದ ವಾರಕ್ಕೆ ಇಷ್ಟು ಹಾರಾಟಗಳು ಹೆಚ್ಚಿವೆ, ಇಂಥ ನಗರಕ್ಕೆ ಹೊಸದಾಗಿ ನೇರ ಸಂಪರ್ಕ ದೊರೆತಿದೆ. ಕೆಲವೇ ವಾರಗಳಲ್ಲಿ ಅದೇ ಪುಟಗಳಲ್ಲಿ, ಟಿಕೆಟ್ ದರ ವಿಪರೀತ ಏರಿದ, ರಜೆಗೆ ಹೊರಟವರಿಗೆ ಸೀಟು ಸಿಗದ ಸುದ್ದಿ ಬರುತ್ತದೆ. ಎರಡೂ ಸುದ್ದಿಗಳು ನಿಜವೇ ಆಗಿರುತ್ತವೆ. ಆದರೆ ಇವೆರಡನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಲು ಬೇಕಾದ ಅಂಕಿಯೊಂದು, ಅಂದರೆ ಆ ನಿಲ್ದಾಣದಿಂದ ಯಾವ ದಿನ, ಯಾವ ಹೊತ್ತಿಗೆ, ಯಾವ ಊರಿಗೆ ಎಷ್ಟು ಸೀಟುಗಳಿವೆ ಎಂಬುದು, ಓದುಗರಿಗೆ ಸಿಗುವುದು ಬಹಳ ಅಪರೂಪ. ಸಣ್ಣ ವಿಮಾನ ನಿಲ್ದಾಣಗಳನ್ನು ನೆಚ್ಚಿಕೊಂಡವರೆಲ್ಲರ ಪರವಾಗಿ ನಾನು ಈ ಪತ್ರದಲ್ಲಿ ಕೇಳಬಯಸುವುದು ಆ ಅಂಕಿಯನ್ನು, ಅದೂ ಸಕಾಲದಲ್ಲಿ.

ಹಾರಾಟಗಳ ಸಂಖ್ಯೆಯಿಂದ ಸೀಟುಗಳ ಸಂಖ್ಯೆಯನ್ನು ಊಹಿಸುವುದು ಸಾಧ್ಯವಿಲ್ಲ. ಎಟಿಆರ್ 72 ಮಾದರಿಯ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್‌ನಿಂದ ಹಾರುವ, ವಿಮಾನದಲ್ಲಿ ಸಾಮಾನ್ಯವಾಗಿ 70ರಿಂದ 78 ಸೀಟುಗಳಿರುತ್ತವೆ. ಅದರ ತಮ್ಮನಂತಿರುವ ಎಟಿಆರ್ 42ರಲ್ಲಿ 50ಕ್ಕಿಂತ ಹೆಚ್ಚಿರುವುದಿಲ್ಲ. ಎಂಬ್ರೇರ್ ಇ190ರಲ್ಲಿ ನೂರರ ಆಸುಪಾಸು. ಏರ್‌ಬಸ್ ಎ320ರಲ್ಲಿ ಅನೇಕ ಸಂಸ್ಥೆಗಳು 180ರಿಂದ 186 ಸೀಟುಗಳನ್ನು ಇಡುತ್ತವೆ. ಒಂದು ಮಾರ್ಗದಲ್ಲಿ ದಿನಕ್ಕೆ ಮೂರು ಬಾರಿ ಹಾರುತ್ತಿದ್ದ 72 ಸೀಟುಗಳ ವಿಮಾನವನ್ನು ತೆಗೆದು 180 ಸೀಟುಗಳ ಜೆಟ್ ವಿಮಾನವನ್ನು ಒಂದು ಬಾರಿ ಹಾರಿಸಿದರೆ, ನಿಲ್ದಾಣಕ್ಕೆ ದೊಡ್ಡ ವಿಮಾನ ಬಂತೆಂದು ಎಲ್ಲರಿಗೂ ಹಿಗ್ಗಾಗುತ್ತದೆ. ಆದರೆ ದಿನಕ್ಕೆ 216 ಇದ್ದ ಸೀಟುಗಳು 180ಕ್ಕೆ ಇಳಿದು, ವಾರಕ್ಕೆ ಒಂದೊಂದು ದಿಕ್ಕಿನಲ್ಲೂ 252 ಸೀಟುಗಳು ಕಡಿಮೆಯಾಗಿರುತ್ತವೆ. ಎರಡು ಟರ್ಬೊಪ್ರಾಪ್ ಹಾರಾಟಗಳ ಬದಲಿಗೆ ಒಂದು ಜೆಟ್ ಬಂದಾಗ ಸೀಟುಗಳು ದಿನಕ್ಕೆ 36 ಹೆಚ್ಚಾಗುತ್ತವೆ ನಿಜ, ಆದರೆ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳುವ ಅನುಕೂಲ ಹೋಗಿಬಿಡುತ್ತದೆ. ಚಿಕಿತ್ಸೆಗೆ, ಸಂದರ್ಶನಕ್ಕೆ, ವ್ಯವಹಾರಕ್ಕೆ ಹೋಗುವವರಿಗೆ ಮಧ್ಯಾಹ್ನ ಹಾರುವ ಒಂದೇ ವಿಮಾನದ 180 ಸೀಟುಗಳಿಗಿಂತ ಬೆಳಿಗ್ಗೆ ಮತ್ತು ಸಂಜೆಯ 144 ಸೀಟುಗಳೇ ಹೆಚ್ಚು ಬೆಲೆಬಾಳುವಂಥವು. ಹೀಗಾಗಿ ಒಟ್ಟು ಸೀಟುಗಳ ಸಂಖ್ಯೆಯೂ ತನ್ನಷ್ಟಕ್ಕೆ ಸಾಲದು. ಅದನ್ನು ದಿನ ಮತ್ತು ಹೊತ್ತಿನೊಂದಿಗೆ ಸೇರಿಸಿ ಹೇಳಬೇಕಾಗುತ್ತದೆ. ಇದರ ಜೊತೆಗೆ, ಒಂದು ಊರಿನಿಂದ ಹೊರಟು ನಡುವಿನ ಊರಿನಲ್ಲಿ ಇಳಿದು ಮುಂದಕ್ಕೆ ಹಾರುವ ವಿಮಾನಗಳೂ ಇವೆ. ಅಲ್ಲಿ ನಡುವಿನ ನಿಲ್ದಾಣದವರಿಗೆ ದೊರೆಯುವುದು ಮೊದಲ ಊರಿನಿಂದ ಕೊನೆಯ ಊರಿಗೆ ಹೊರಟವರು ಕುಳಿತ ಮೇಲೆ ಉಳಿದ ಸೀಟುಗಳಷ್ಟೇ. ವೇಳಾಪಟ್ಟಿಯ ಲೆಕ್ಕದಲ್ಲಿ ಮಾತ್ರ ಇಡೀ ವಿಮಾನ ಅವರ ಹೆಸರಿನಲ್ಲಿರುತ್ತದೆ.

ಬೇಸಿಗೆ ಎಂದು ವಿಮಾನಯಾನದವರು ಕರೆಯುವುದು ಬಿಸಿಲಿನ ತಿಂಗಳುಗಳನ್ನಲ್ಲ ಎಂಬುದನ್ನೂ ಇಲ್ಲಿ ನೆನಪಿಸಬೇಕು. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘವಾದ ಐಎಟಿಎ ಪಾಲಿಸುವ ಕ್ರಮದಲ್ಲಿ ಬೇಸಿಗೆ ಋತು ಮಾರ್ಚ್ ತಿಂಗಳ ಕೊನೆಯ ಭಾನುವಾರ ಆರಂಭವಾಗಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದ ಹಿಂದಿನ ದಿನಕ್ಕೆ ಮುಗಿಯುತ್ತದೆ. ಅಂದರೆ 30 ಅಥವಾ 31 ವಾರಗಳು. ಯುರೋಪಿನಲ್ಲಿ ಪ್ರಯಾಣಿಕರ ದಟ್ಟಣೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತುತ್ತತುದಿಗೆ ಮುಟ್ಟಿದರೆ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಶಾಲೆಗಳಿಗೆ ರಜೆ ಇರುವ ಪ್ರದೇಶಗಳಲ್ಲಿ ಆ ದಟ್ಟಣೆ ಋತುವಿನ ಮೊದಲ ವಾರಗಳಲ್ಲೇ ಬಂದು ಹೋಗುತ್ತದೆ. ಬೇಸಿಗೆ ವೇಳಾಪಟ್ಟಿಯಲ್ಲಿದೆ ಎಂದು ಘೋಷಿತವಾದ ಹಾರಾಟ ಮೂವತ್ತು ವಾರವೂ ಹಾರಬಹುದು, ಎಂಟೇ ವಾರ ಹಾರಿ ನಿಂತುಬಿಡಬಹುದು, ಅಥವಾ ಜನರಿಗೆ ಅತಿ ಅಗತ್ಯವಿದ್ದ ವಾರಗಳು ಕಳೆದ ಮೇಲೆ ಆರಂಭವಾಗಬಹುದು. ಆರಂಭದ ದಿನಾಂಕದೊಂದಿಗೆ ಮುಕ್ತಾಯದ ದಿನಾಂಕವನ್ನೂ ವರದಿಯಲ್ಲಿ ಕೇಳಿ ಬರೆದರೆ ಓದುಗರಿಗೆ ಎಷ್ಟೋ ಉಪಕಾರವಾದೀತು.

ಇದಕ್ಕಿಂತ ಮುಖ್ಯವಾದದ್ದು ತೀರ್ಮಾನದ ಕಾಲ. ಒಂದು ಬೇಸಿಗೆಯ ಸೀಟುಗಳು ಎಷ್ಟೆಂಬುದು ಬಹುಮಟ್ಟಿಗೆ ಹಿಂದಿನ ಶರತ್ಕಾಲದಲ್ಲೇ ನಿಗದಿಯಾಗಿರುತ್ತದೆ. ಜಗತ್ತಿನಲ್ಲಿ ಬೇಡಿಕೆ ಮಿತಿಮೀರಿದ, ಇಳಿಯಲು ಮತ್ತು ಏರಲು ಮೊದಲೇ ಸಮಯ ಹಂಚಿಕೊಳ್ಳಬೇಕಾದ ದೊಡ್ಡ ನಿಲ್ದಾಣಗಳು ಇನ್ನೂರಕ್ಕೂ ಹೆಚ್ಚಿವೆ. ಆ ಹಂಚಿಕೆಯನ್ನೇ ಸ್ಲಾಟ್ ಎನ್ನುತ್ತಾರೆ. ಮುಂದಿನ ಬೇಸಿಗೆಯ ಸ್ಲಾಟುಗಳಿಗೆ ವಿಮಾನಯಾನ ಸಂಸ್ಥೆಗಳು ಅಕ್ಟೋಬರ್ ವೇಳೆಗೆ ಕೋರಿಕೆ ಸಲ್ಲಿಸಿರುತ್ತವೆ; ನವೆಂಬರ್ ತಿಂಗಳಲ್ಲಿ ಸಂಸ್ಥೆಗಳೂ ಸ್ಲಾಟ್ ಹಂಚುವ ಸಂಯೋಜಕರೂ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಸೇರಿ ಅವುಗಳನ್ನು ಹೊಂದಿಸಿಕೊಳ್ಳುತ್ತಾರೆ. ಪಡೆದ ಸ್ಲಾಟ್ ಸರಣಿಯನ್ನು ಶೇ 80ರಷ್ಟಾದರೂ ಬಳಸಿದ ಸಂಸ್ಥೆಗೆ ಮುಂದಿನ ವರ್ಷ ಅದೇ ಸಮಯದ ಮೇಲೆ ಹಕ್ಕು ಉಳಿಯುತ್ತದೆ. ಸಣ್ಣ ಊರಿನ ನಿಲ್ದಾಣದಲ್ಲಿ ಇಂಥ ಇಕ್ಕಟ್ಟೇನೂ ಇರುವುದಿಲ್ಲ. ಅಲ್ಲಿ ಯಾವ ಹೊತ್ತಿಗೆ ಬೇಕಾದರೂ ವಿಮಾನ ಇಳಿಯಬಹುದು. ಆದರೆ ಅಲ್ಲಿಂದ ಹೊರಟ ವಿಮಾನ ಹೋಗಿ ಇಳಿಯಬೇಕಾದದ್ದು ದೊಡ್ಡ ನಿಲ್ದಾಣದಲ್ಲಿ, ಮತ್ತು ಅಲ್ಲಿನ ಒಂದೊಂದು ಸ್ಲಾಟಿಗೂ ಸಂಸ್ಥೆಯೊಳಗೇ ಪೈಪೋಟಿ ಇರುತ್ತದೆ. ಅದೇ ಸ್ಲಾಟಿನಲ್ಲಿ 72 ಜನರನ್ನು ಹತ್ತಿರದ ಊರಿಗೆ ಒಯ್ಯುವುದೋ, 180 ಜನರನ್ನು ದೂರದ ಪ್ರವಾಸಿ ತಾಣಕ್ಕೆ ಒಯ್ಯುವುದೋ ಎಂಬ ಪ್ರಶ್ನೆ ಬಂದಾಗ, ಯಾವುದು ಗೆಲ್ಲುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮಾರ್ಚ್‌ನಲ್ಲಿ ನಾವು ಮನವಿ ಸಲ್ಲಿಸುವ ಹೊತ್ತಿಗೆ ಈ ಪ್ರಶ್ನೆ ಉತ್ತರ ಪಡೆದು ನಾಲ್ಕು ತಿಂಗಳಾದರೂ ಕಳೆದಿರುತ್ತದೆ.

ಸಂಸ್ಥೆಗಳು ಈ ತೀರ್ಮಾನಕ್ಕೆ ಆಧಾರವಾಗಿ ಬಳಸುವ ಅಂಕಿಗಳ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಒಂದು ಮಾರ್ಗದ ಬೇಡಿಕೆಯನ್ನು ಅಳೆಯಲು ಅವು ಮುಖ್ಯವಾಗಿ ನೋಡುವುದು ಹಿಂದೆ ಮಾರಾಟವಾದ ಟಿಕೆಟುಗಳನ್ನು. ಆದರೆ ಪ್ರಾದೇಶಿಕ ನಿಲ್ದಾಣದಲ್ಲಿ ಮಾರಾಟವಾದ ಟಿಕೆಟುಗಳು ತೋರಿಸುವುದು ಅಲ್ಲಿದ್ದ ಸೀಟುಗಳನ್ನೇ ಹೊರತು ಅಲ್ಲಿನ ಜನರ ಅಗತ್ಯವನ್ನಲ್ಲ. ಸೀಟು ಸಿಗದವರು, ಸಿಕ್ಕರೂ ದರ ಎಟುಕದವರು, ಸಮಯ ಹೊಂದದವರು ರಸ್ತೆಯಲ್ಲೋ ರೈಲಿನಲ್ಲೋ ನಾಲ್ಕೈದು ಗಂಟೆ ಪ್ರಯಾಣಿಸಿ ದೊಡ್ಡ ನಗರದ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಾರೆ. ಆ ಟಿಕೆಟ್ ದೊಡ್ಡ ನಗರದ ಖಾತೆಗೆ ಸೇರುತ್ತದೆ. ಮುಂದಿನ ವರ್ಷ ಯೋಜನೆ ಮಾಡುವಾಗ ಸಣ್ಣ ಊರಿನ ಬೇಡಿಕೆ ಅಷ್ಟಕ್ಕಷ್ಟೇ ಎಂದೂ ದೊಡ್ಡ ನಗರದ ಬೇಡಿಕೆ ಬೆಳೆಯುತ್ತಿದೆ ಎಂದೂ ಅದೇ ಅಂಕಿಗಳು ಹೇಳುತ್ತವೆ, ಸೀಟುಗಳು ಅದಕ್ಕೆ ತಕ್ಕಂತೆ ಹಂಚಿಕೆಯಾಗುತ್ತವೆ, ಮತ್ತಷ್ಟು ಜನ ರಸ್ತೆ ಹಿಡಿಯುತ್ತಾರೆ. ಸೀಟು ಕಡಿಮೆಯಿದ್ದುದರಿಂದಲೇ ಸೀಟು ಇನ್ನಷ್ಟು ಕಡಿಮೆಯಾಗುವ ಈ ಸುತ್ತನ್ನು ಮುರಿಯಬೇಕಾದರೆ, ಬೇರೆ ನಿಲ್ದಾಣಕ್ಕೆ ಹೋಗಿ ವಿಮಾನ ಹತ್ತಿದ ತನ್ನ ಪ್ರದೇಶದವರ ಲೆಕ್ಕವನ್ನು ಪ್ರಾದೇಶಿಕ ನಿಲ್ದಾಣವೇ ಕಲೆಹಾಕಿ ಸಂಸ್ಥೆಗಳ ಮುಂದಿಡಬೇಕು. ಟಿಕೆಟ್ ಕೊಂಡವರ ವಿಳಾಸದ ಪ್ರದೇಶವಾರು ಲೆಕ್ಕ, ಟ್ರಾವೆಲ್ ಏಜೆಂಟರ ಮಾರಾಟದ ಒಟ್ಟು ಅಂಕಿಗಳು, ದೊಡ್ಡ ನಿಲ್ದಾಣದಲ್ಲಿ ನಡೆಸುವ ಸಮೀಕ್ಷೆ ಮುಂತಾದ ದಾರಿಗಳು ಇದಕ್ಕಿವೆ. ಹಲವು ದೇಶಗಳಲ್ಲಿ ಸಣ್ಣ ನಿಲ್ದಾಣಗಳು ಇಂಥ ಅಧ್ಯಯನಗಳನ್ನು ಮಾಡಿಸಿ, ಅದರ ಬಲದಿಂದಲೇ ಸಂಸ್ಥೆಗಳೊಂದಿಗೆ ಮಾತುಕತೆಗೆ ಕೂರುತ್ತವೆ.

ಸರಾಸರಿ ಅಂಕಿಗಳೂ ಇದೇ ರೀತಿ ದಾರಿ ತಪ್ಪಿಸುತ್ತವೆ. ಐಎಟಿಎ ಪ್ರಕಾರ 2024ರಲ್ಲಿ ಜಗತ್ತಿನ ವಿಮಾನಗಳ ಆಸನ ಭರ್ತಿ ಪ್ರಮಾಣ ಶೇ 83.5ರಷ್ಟಿತ್ತು, ಅದೇ ವರ್ಷದ ಆಗಸ್ಟ್‌ನಲ್ಲಿ ಅದು ಶೇ 86.2ಕ್ಕೆ ಏರಿತ್ತು. ನೂರರಲ್ಲಿ ಹದಿನಾಲ್ಕು ಸೀಟುಗಳು ಖಾಲಿಯಿದ್ದವಲ್ಲ ಎಂದು ಇದನ್ನು ಓದಬಾರದು. ಮಂಗಳವಾರ ಮಧ್ಯಾಹ್ನ ಖಾಲಿ ಹಾರಿದ ಸೀಟು ಶುಕ್ರವಾರ ಸಂಜೆ ಊರಿಗೆ ಹೊರಟವರಿಗೆ ಉಪಯೋಗಕ್ಕೆ ಬರುವುದಿಲ್ಲ. ರಜೆಯ ಆರಂಭದಲ್ಲಿ ಒಂದು ದಿಕ್ಕಿನ ವಿಮಾನಗಳು ತುಂಬಿ, ಮರಳಿ ಬರುವಾಗ ಅರ್ಧ ಖಾಲಿಯಿರುತ್ತವೆ. ರಜೆ ಮುಗಿಯುವಾಗ ಇದು ತಿರುವುಮುರುವಾಗುತ್ತದೆ. ಸರಾಸರಿಯಲ್ಲಿ ಶೇ 80ರ ಮೇಲಿರುವ ಮಾರ್ಗವೊಂದು, ನಿಜಕ್ಕೂ ಜನ ಹೊರಡಬಯಸಿದ ದಿನಗಳಲ್ಲಿ ಪೂರ್ತಿ ತುಂಬಿ, ಟಿಕೆಟ್ ಸಿಗದವರನ್ನು ವಾಪಸು ಕಳುಹಿಸಿರುವ ಸಾಧ್ಯತೆ ಬಹಳ ಹೆಚ್ಚು. ಹೀಗೆ ವಾಪಸಾದವರ ಲೆಕ್ಕ ಯಾವ ಮಾಸಿಕ ವರದಿಯಲ್ಲೂ ಇರುವುದಿಲ್ಲ.

ದಿಕ್ಕಿನ ಮತ್ತು ಕಾಲದ ಈ ಅಸಮತೋಲನವು ಸಂಸ್ಥೆಗಳ ನಿಜವಾದ ಕಷ್ಟವೆಂಬುದನ್ನೂ ನಾನು ಒಪ್ಪುತ್ತೇನೆ. ಎರಡು ತಿಂಗಳ ದಟ್ಟಣೆಗಾಗಿ ಕೊಂಡ ವಿಮಾನವನ್ನು ಉಳಿದ ಹತ್ತು ತಿಂಗಳು ಎಲ್ಲಿ ಹಾರಿಸುವುದು ಎಂಬ ಪ್ರಶ್ನೆ ಅವರಿಗಿದೆ. ಅದಕ್ಕಾಗಿಯೇ ಕೆಲವು ಸಂಸ್ಥೆಗಳು ಬೇಸಿಗೆಗೆ ಮಾತ್ರ ಸಿಬ್ಬಂದಿ ಸಹಿತ ವಿಮಾನವನ್ನು ಬಾಡಿಗೆಗೆ ಪಡೆಯುತ್ತವೆ. ಈಚಿನ ವರ್ಷಗಳಲ್ಲಿ ವಿಮಾನಗಳೇ ಸಾಲದಾಗಿವೆ. ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಗೇರ್ಡ್ ಟರ್ಬೊಫ್ಯಾನ್ ಎಂಜಿನುಗಳ ಭಾಗಗಳಲ್ಲಿ ಬಳಸಿದ ಲೋಹದ ಪುಡಿಯ ದೋಷ 2023ರ ಜುಲೈನಲ್ಲಿ ಬಹಿರಂಗವಾದ ಮೇಲೆ, ತಪಾಸಣೆಗಾಗಿ ನೂರಾರು ಎ320ನಿಯೊ ಸರಣಿಯ ವಿಮಾನಗಳು ನೆಲದಲ್ಲೇ ಉಳಿಯಬೇಕಾಯಿತು. 2024ರ ಜನವರಿಯಲ್ಲಿ ಹಾರುತ್ತಿದ್ದ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನದ ಬಾಗಿಲಿನ ಜಾಗದ ಫಲಕ ಕಿತ್ತುಹೋದ ಬಳಿಕ ಅಮೆರಿಕದ ನಿಯಂತ್ರಕರು ಆ ಸರಣಿಯ ಉತ್ಪಾದನೆಗೆ ತಿಂಗಳಿಗೆ 38ರ ಮಿತಿ ಹೇರಿದರು. ಇಂಥ ಕೊರತೆಯ ಕಾಲದಲ್ಲಿ ಇರುವ ವಿಮಾನಗಳು ಹೆಚ್ಚು ಆದಾಯವಿರುವ ಮಾರ್ಗಗಳಿಗೆ ಸರಿಯುತ್ತವೆ, ಮೊದಲು ಸೀಟು ಕಳೆದುಕೊಳ್ಳುವುದು ಸಣ್ಣ ಊರುಗಳೇ. ಕೊರತೆಯಿದೆ ಎಂಬುದು ತಪ್ಪಲ್ಲ. ಅದರ ಭಾರ ಎಲ್ಲಿ ಬಿದ್ದಿದೆ ಎಂದು ಹೇಳದಿರುವುದು ತಪ್ಪು.

ಬೇಸಿಗೆಯ ಸೀಟುಗಳ ವಿಷಯದಲ್ಲಿ ಬಹಳ ಜನರಿಗೆ ತಿಳಿಯದೇ ಹೋಗುವ ಇನ್ನೊಂದು ಸಂಗತಿ ಬಿಸಿಲು. ವಿಮಾನಗಳ ಸಾಮರ್ಥ್ಯವನ್ನು ಲೆಕ್ಕ ಹಾಕುವಾಗ ಆಧಾರವಾಗಿ ಹಿಡಿಯುವ ಪ್ರಮಾಣಿತ ವಾತಾವರಣದಲ್ಲಿ ಸಮುದ್ರ ಮಟ್ಟದ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್. ಅದು 40 ಡಿಗ್ರಿಗೆ ಏರಿದಾಗ ಗಾಳಿಯ ಸಾಂದ್ರತೆ ಸುಮಾರು ಶೇ 8ರಷ್ಟು ತಗ್ಗುತ್ತದೆ; ನಿಲ್ದಾಣ ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದರೆ ಮತ್ತೆ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗಳು ಅಷ್ಟೇ ಭಾರವನ್ನು ಎತ್ತಬೇಕಾದರೆ ಹೆಚ್ಚಿನ ವೇಗ ಬೇಕು, ಅದೇ ಹೊತ್ತಿಗೆ ಎಂಜಿನಿನ ಶಕ್ತಿಯೂ ಕುಗ್ಗಿರುತ್ತದೆ, ಹೀಗಾಗಿ ಹೆಚ್ಚು ಉದ್ದದ ರನ್‌ವೇ ಬೇಕಾಗುತ್ತದೆ. ಮೂರೂವರೆ ಕಿಲೋಮೀಟರ್ ರನ್‌ವೇ ಇರುವ ಮಹಾನಗರದ ನಿಲ್ದಾಣಕ್ಕೆ ಇದು ಅಷ್ಟಾಗಿ ತಟ್ಟುವುದಿಲ್ಲ. ಒಂದೂವರೆ ಕಿಲೋಮೀಟರ್ ಆಸುಪಾಸಿನ ರನ್‌ವೇ ಇರುವ, ಸುತ್ತ ಗುಡ್ಡಗಳಿರುವ ಸಣ್ಣ ನಿಲ್ದಾಣದಲ್ಲಿ ಮಾತ್ರ ಉಳಿಯುವ ದಾರಿ ಒಂದೇ, ಭಾರ ಇಳಿಸುವುದು. ಲಗೇಜ್ ಸಹಿತ ಒಬ್ಬ ಪ್ರಯಾಣಿಕರಿಗೆ ನೂರು ಕಿಲೋ ಎಂದು ಸ್ಥೂಲವಾಗಿ ಹಿಡಿದರೂ, 800 ಕಿಲೋ ಇಳಿಸಬೇಕಾಗಿ ಬಂದ ಮಧ್ಯಾಹ್ನ 72 ಸೀಟುಗಳ ವಿಮಾನ ವಾಸ್ತವದಲ್ಲಿ 64 ಸೀಟುಗಳ ವಿಮಾನವಾಗಿರುತ್ತದೆ. ಆ ಎಂಟು ಸೀಟುಗಳನ್ನು ಸಂಸ್ಥೆ ಮೊದಲೇ ಮಾರಾಟದಿಂದ ತಡೆಹಿಡಿದರೆ ಜನರಿಗೆ ಗೊತ್ತೇ ಆಗುವುದಿಲ್ಲ. ತಡೆಹಿಡಿಯದಿದ್ದರೆ, ಚೆಕ್-ಇನ್ ಕೌಂಟರಿನ ಮುಂದೆ ನಿಂತ ಎಂಟು ಜನ ಉಳಿದುಹೋಗುತ್ತಾರೆ, ಇಲ್ಲವೇ ಅವರು ಹೋಗಿ ಅವರ ಪೆಟ್ಟಿಗೆಗಳು ಮರುದಿನ ಬರುತ್ತವೆ.

2017ರ ಜೂನ್ 20ರಂದು ಅಮೆರಿಕದ ಫೀನಿಕ್ಸ್ ನಿಲ್ದಾಣದಲ್ಲಿ ತಾಪಮಾನ 48 ಡಿಗ್ರಿ ಮುಟ್ಟಿದಾಗ ನಲವತ್ತಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಅಂದು ನಿಂತದ್ದು ದೊಡ್ಡ ವಿಮಾನಗಳಲ್ಲ, ಪ್ರಾದೇಶಿಕ ಮಾರ್ಗಗಳ ಬೊಂಬಾರ್ಡಿಯರ್ ಸಿಆರ್‌ಜೆ ವಿಮಾನಗಳು. ಅವುಗಳಿಗೆ ಅನುಮತಿಯಿದ್ದ ಗರಿಷ್ಠ ತಾಪಮಾನ 118 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 48 ಡಿಗ್ರಿ ಸೆಲ್ಸಿಯಸ್ ಆಗಿತ್ತು. ಬೇಸಿಗೆಗಳು ಬಿರುಸಾಗುತ್ತಿರುವಾಗ ಇಂಥ ದಿನಗಳು ಹೆಚ್ಚುವುದನ್ನು ನಾವು ಎದುರುನೋಡಲೇಬೇಕು. ಪರಿಹಾರ ದುಬಾರಿಯದೇ ಆಗಬೇಕೆಂದಿಲ್ಲ: ಬಿಸಿಲು ಏರುವ ತಿಂಗಳುಗಳಲ್ಲಿ ಹಾರಾಟವನ್ನು ಬೆಳಗಿನ ಏಳೆಂಟು ಗಂಟೆಗೋ ಸೂರ್ಯ ಇಳಿದ ಮೇಲಕ್ಕೋ ಸರಿಸಿದರೆ ಹಣ ಖರ್ಚಿಲ್ಲದೆ ಸೀಟುಗಳು ಮರಳಿ ಸಿಗುತ್ತವೆ. ಆದರೆ ಅನೇಕ ಸಣ್ಣ ನಿಲ್ದಾಣಗಳ ವಾಯು ಸಂಚಾರ ನಿಯಂತ್ರಣ ಘಟಕ ಹಗಲಿನ ನಿಗದಿತ ಗಂಟೆಗಳಲ್ಲಷ್ಟೇ ಕೆಲಸ ಮಾಡುತ್ತದೆ. ರಾತ್ರಿ ಇಳಿಯಲು ಬೇಕಾದ ದೀಪಗಳಿಲ್ಲದ ನಿಲ್ದಾಣಗಳೂ ಇವೆ. ಆ ಘಟಕದ ಕೆಲಸದ ಅವಧಿಯನ್ನು ಎರಡು ತಾಸು ವಿಸ್ತರಿಸುವುದು ಹೊಸ ಟರ್ಮಿನಲ್ ಕಟ್ಟುವುದಕ್ಕಿಂತ ಎಷ್ಟೋ ಪಾಲು ಅಗ್ಗ, ಬೇಸಿಗೆಯ ಮಟ್ಟಿಗೆ ಹೆಚ್ಚು ಪರಿಣಾಮಕಾರಿ. ಗಾಜಿನ ಟರ್ಮಿನಲ್ಲುಗಳ ಉದ್ಘಾಟನೆಗೆ ಸಿಗುವ ಉತ್ಸಾಹ ಇಂಥ ಕೆಲಸಗಳಿಗೆ ಸಿಗುವುದಿಲ್ಲವೆಂಬುದು ನನಗೆ ನಿಜವಾಗಿ ನೋವಿನ ವಿಷಯ.

ದೊಡ್ಡ ವಿಮಾನವೇ ಬೇಕೆಂದು ಒತ್ತಾಯಿಸುವವರು ಅಗ್ನಿಶಾಮಕ ವ್ಯವಸ್ಥೆಯತ್ತಲೂ ಗಮನ ಕೊಡಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ನಿಯಮಗಳಂತೆ ನಿಲ್ದಾಣದ ಅಗ್ನಿಶಾಮಕ ದರ್ಜೆ ವಿಮಾನದ ಉದ್ದ ಮತ್ತು ಅದರ ಒಡಲಿನ ಅಗಲವನ್ನು ಅವಲಂಬಿಸಿದೆ. ಎಟಿಆರ್ 72 ವಿಮಾನ ಐದನೆಯ ದರ್ಜೆಗೆ ಸೇರಿದರೆ ಎ320 ಆರನೆಯದಕ್ಕೆ, ಅದಕ್ಕಿಂತ ಉದ್ದವಾದ ಎ321 ಏಳನೆಯದಕ್ಕೆ ಸೇರುತ್ತದೆ. ವಾಹನ ಮತ್ತು ತರಬೇತಾದ ಸಿಬ್ಬಂದಿ ಸಿದ್ಧವಿಲ್ಲದೆ ದೊಡ್ಡ ವಿಮಾನದ ಘೋಷಣೆ ಮಾಡಿದರೆ ಅದು ಜಾರಿಗೆ ಬರುವಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ.

ಸಾರ್ವಜನಿಕ ಹಣದ ನೆರವು ಇರುವ ಕಡೆ ಸೀಟುಗಳ ಲೆಕ್ಕ ಕೇಳುವ ಹಕ್ಕು ಇನ್ನೂ ಬಲವಾದದ್ದು. ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನವನ್ನು ಸರ್ಕಾರಿ ನಿಯಂತ್ರಣದಿಂದ ಬಿಡುಗಡೆ ಮಾಡಿದಾಗಲೇ, ಸಣ್ಣ ಊರುಗಳು ಸಂಪರ್ಕ ಕಳೆದುಕೊಳ್ಳಬಾರದೆಂದು ಎಸೆನ್ಷಿಯಲ್ ಏರ್ ಸರ್ವಿಸ್ ಯೋಜನೆಯನ್ನು ತರಲಾಯಿತು. ಯುರೋಪಿಯನ್ ಒಕ್ಕೂಟದ 2008ರ ನಿಯಮಾವಳಿ, ದೂರದ ಪ್ರದೇಶಗಳ ಮಾರ್ಗಗಳಿಗೆ ಸಾರ್ವಜನಿಕ ಸೇವಾ ಹೊಣೆಯನ್ನು ಹೊರಿಸುವಾಗ ನಿರಂತರತೆ, ನಿಯಮಿತತೆ, ದರಗಳ ಜೊತೆಗೆ ಕನಿಷ್ಠ ಸಾಮರ್ಥ್ಯವನ್ನೂ ಷರತ್ತಾಗಿ ಬರೆಯಲು ಅವಕಾಶ ಕೊಡುತ್ತದೆ. ಭಾರತದಲ್ಲಿ 2016ರಲ್ಲಿ ಪ್ರಕಟವಾಗಿ 2017ರ ಏಪ್ರಿಲ್‌ನಲ್ಲಿ ಮೊದಲ ಹಾರಾಟ ಕಂಡ ಉಡಾನ್ ಯೋಜನೆಯಲ್ಲಿ ಸುಮಾರು ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಹಾಕಿ, ಸಂಸ್ಥೆಗೆ ಮೂರು ವರ್ಷ ನಷ್ಟ ತುಂಬಿಕೊಡುವ ವ್ಯವಸ್ಥೆ ಮಾಡಲಾಯಿತು. ಈ ಮೂರರಲ್ಲಿ ನನಗೆ ಹೆಚ್ಚು ಹಿಡಿಸುವುದು ಯುರೋಪಿನ ಆ ಒಂದು ಮಾತು, ಕನಿಷ್ಠ ಸಾಮರ್ಥ್ಯ. ದರಕ್ಕೆ ಮಿತಿ ಹಾಕಿ ಸೀಟುಗಳ ಸಂಖ್ಯೆಯನ್ನು ಬಿಟ್ಟುಬಿಟ್ಟರೆ, ಮಿತಿಯ ದರದ ಸೀಟುಗಳು ಮೊದಲ ದಿನವೇ ಮುಗಿಯುತ್ತವೆ. ನೆರವಿನ ಒಪ್ಪಂದದಲ್ಲಿ ವರ್ಷದ ಒಟ್ಟು ಸೀಟುಗಳ ಜೊತೆಗೆ, ದಟ್ಟಣೆಯ ವಾರಗಳಲ್ಲಿ ಇರಲೇಬೇಕಾದ ಸೀಟುಗಳನ್ನೂ ಪ್ರತ್ಯೇಕವಾಗಿ ಬರೆಯಬೇಕು.

ಪ್ರಾದೇಶಿಕ ನಿಲ್ದಾಣವನ್ನು ನಡೆಸುವವರು ಪ್ರತಿ ಋತುವಿನ ಆರಂಭಕ್ಕೆ ಮೊದಲು, ಪ್ರತಿ ಮಾರ್ಗದಲ್ಲಿ ವಾರದ ಪ್ರತಿ ದಿನ ಎಷ್ಟು ಸೀಟುಗಳಿವೆ, ಹಿಂದಿನ ವರ್ಷದ ಅದೇ ವಾರಗಳಲ್ಲಿ ಎಷ್ಟಿದ್ದವು, ಯಾವ ಹಾರಾಟ ಎಂದಿಗೆ ನಿಲ್ಲುತ್ತದೆ ಎಂಬ ಪಟ್ಟಿಯನ್ನು ಪ್ರಕಟಿಸಲಿ. ಋತು ಮುಗಿದ ಮೇಲೆ, ಘೋಷಿಸಿದ ಸೀಟುಗಳಲ್ಲಿ ನಿಜಕ್ಕೂ ಹಾರಿದವೆಷ್ಟು, ಬಿಸಿಲಿನಿಂದಲೋ ರದ್ದತಿಯಿಂದಲೋ ಕಳೆದುಹೋದವೆಷ್ಟು ಎಂಬುದನ್ನು ಹೇಳಲಿ. ಇದರಲ್ಲಿ ಯಾವ ಸಂಸ್ಥೆಯ ವ್ಯಾಪಾರದ ಗುಟ್ಟೂ ಬಯಲಾಗುವುದಿಲ್ಲ, ಏಕೆಂದರೆ ವೇಳಾಪಟ್ಟಿಯೂ ವಿಮಾನದ ಮಾದರಿಯೂ ಟಿಕೆಟ್ ಕೊಳ್ಳುವ ಯಾರಿಗಾದರೂ ಕಾಣುವಂಥವೇ. ಸಂಪಾದಕರೇ, ತಮ್ಮ ವರದಿಗಾರರೂ ಹೊಸ ವಿಮಾನದ ಸುದ್ದಿ ಬಂದಾಗ ಅದರ ಸೀಟುಗಳೆಷ್ಟು, ಅದು ಬಂದದ್ದರಿಂದ ನಿಂತ ಹಾರಾಟ ಯಾವುದು, ಬೆಳಿಗ್ಗೆ ಹೋಗಿ ಸಂಜೆ ಮರಳಲು ಬರುತ್ತದೆಯೇ ಎಂದು ಕೇಳುವಂತಾಗಲಿ. ಆಸ್ಪತ್ರೆಗಳು, ಕಾಲೇಜುಗಳು, ವಾಣಿಜ್ಯ ಸಂಘಗಳು ಮುಂದಿನ ಬೇಸಿಗೆಗೆ ತಮ್ಮವರ ಪ್ರಯಾಣದ ಅಗತ್ಯವೆಷ್ಟೆಂಬ ಅಂದಾಜನ್ನು ಸೆಪ್ಟೆಂಬರ್ ಮುಗಿಯುವ ಮೊದಲೇ ನಿಲ್ದಾಣದ ಕಚೇರಿಗೆ ಲಿಖಿತವಾಗಿ ತಲುಪಿಸಿದರೆ, ಸ್ಲಾಟುಗಳ ಕೋರಿಕೆ ಸಿದ್ಧವಾಗುವ ಹೊತ್ತಿಗೆ ಅದು ಸಂಸ್ಥೆಗಳ ಮೇಜಿನ ಮೇಲಿರುತ್ತದೆ. ಆ ದಿನಾಂಕವನ್ನು ತಮ್ಮ ಪತ್ರಿಕೆ ಆಗಸ್ಟ್‌ನಲ್ಲೇ ಓದುಗರಿಗೆ ನೆನಪಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ